ಚುನಾವಣೆ ನಡೆಸಿ ಅಂತ ಕೋರ್ಟು ಹೇಳಬಹುದು



ಓಟು ಹಾಕೋದು ನಮ್ಮ ಹಕ್ಕು. ಇದು ನಿಮಗೆಲ್ಲ ಗೊತ್ತು. ಆದರೆ ಚುನಾವಣೆಯೇ ನಡೆಯದಿದ್ದರೆ? ಆಗ ಓಟು ಎಲ್ಲಿ ಹಾಕೋದು?

ಕೆರೆ ತೂಬು ನೀರುಗಂಟಿಯ ಕೈಯಲ್ಲಿ ಇರುತ್ತೆ. ಹಾಗಂತ ನೀರು ಅವನದಾ? ಅಲ್ಲ. ಹೊತ್ತಿಗೆ ಸರಿಯಾಗಿ ತೂಬು ಎತ್ತೋದು ಅವನ ಕೆಲಸ. ಚುನಾವಣೆ ನಡೆಸುವ ಅಧಿಕಾರಿಗಳೂ ಹಾಗೇನೇ.

ಪಂಚಾಯ್ತಿಯ ಅವಧಿ 5 ವರ್ಷ. ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ ಹೀಗೆ ಬರೆದಿದೆ. ಚುನಾವಣೆ ನಡೆಸುವ ಹೊಣೆ ರಾಜ್ಯ ಚುನಾವಣಾ ಆಯೋಗದ್ದು.

ಆಯೋಗ ಸುಮ್ಮನೆ ಕೂತರೆ ಏನು ಮಾಡೋದು? ಹೈಕೋರ್ಟಿಗೆ ಅರ್ಜಿ ಹಾಕಬಹುದು. ‘ಕಾನೂನು ನಿಮಗೆ ಕೊಟ್ಟ ಕೆಲಸ ಮಾಡಿ’ ಎಂದು ಕೋರ್ಟು ಆಜ್ಞೆ ಮಾಡಬಹುದು. ಇಂಥ ಆಜ್ಞೆಗೆ ‘ಪರಮಾದೇಶ’ ಅಂತ ಹೆಸರು.

ಮಧ್ಯಪ್ರದೇಶದಲ್ಲಿ ಏನಾಯ್ತು ಕೇಳಿ. ಅಲ್ಲಿ 23 ಸಾವಿರಕ್ಕೂ ಹೆಚ್ಚು ಪಂಚಾಯ್ತಿ, ನಗರಸಭೆಗಳ ಅವಧಿ ಮುಗಿದಿತ್ತು. ಎರಡು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. ಅಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಚುನಾವಣೆಯೇ ಇಲ್ಲ ಅಂದಮೇಲೆ ಮೀಸಲಾತಿ ಇದ್ದು ಏನು ಬಂತು?

ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮೇ 10ರಂದು ಕೋರ್ಟು ಆಜ್ಞೆ ಮಾಡಿತು. ಎರಡು ವಾರದೊಳಗೆ ಚುನಾವಣೆ ಘೋಷಿಸಿ ಎಂದಿತು. ವಾರ್ಡು ವಿಂಗಡಣೆ ಮುಗಿದಿಲ್ಲ ಅನ್ನೋ ಕಾರಣಕ್ಕೆ ಚುನಾವಣೆ ನಿಲ್ಲಬಾರದು ಎಂದಿತು. ಅದೇ ವರ್ಷ ಜೂನ್ 25ರಿಂದ ಜುಲೈ 8ರವರೆಗೆ ಮೂರು ಹಂತದಲ್ಲಿ ಪಂಚಾಯ್ತಿ ಮತದಾನ ನಡೆಯಿತು.

ಒಂದು ಮಾತು ನೆನಪಿಡಿ. ಯಾರು ಗೆಲ್ಲಬೇಕು ಅಂತ ಕೋರ್ಟು ಹೇಳೋದಿಲ್ಲ. ಅದು ನಮ್ಮ ಕೆಲಸ. ಚುನಾವಣೆ ನಡೆಸಿ ಅಂತ ಮಾತ್ರ ಅದು ಹೇಳುತ್ತೆ.

‘ಕೋರ್ಟಿಗೆ ಹೋಗೋಕೆ ನಮ್ಮ ಹತ್ರ ದುಡ್ಡೆಲ್ಲಿದೆ?’ ಅಂತೀರಾ? ಹೆಂಗಸರಿಗೆ ವಕೀಲರ ನೆರವು ಉಚಿತವಾಗಿ ಸಿಗುತ್ತೆ. ಹಾಗಂತ 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. ಅಲ್ಲಿ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಸೇರಿ ಹೋಗಿ.

ಈಗ ನಿಮಗೆ ಓದು ಬರಹ ಬಂದಿದೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೀವೇ ಓದಿ ನೋಡಿ. ನಮ್ಮ ಪಂಚಾಯ್ತಿಯ 5 ವರ್ಷ ಯಾವತ್ತು ಮುಗಿಯುತ್ತೆ ಅಂತ ಕಚೇರಿಯಲ್ಲಿ ಕೇಳಿ. ಆ ತಾರೀಖನ್ನು ಮನೆಯ ಗೋಡೆ ಮೇಲೆ ಬರೆದಿಡಿ.