ತೀರ್ಪಿನ ನಂತರ ನಮ್ಮ ಹೊಣೆ



2024ರಲ್ಲಿ ಸುಪ್ರೀಮ್ ಕೋರ್ಟು ನೀಡಿದ ಮೂರು ತೀರ್ಪುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನವೆಂಬರ್ 13ರಂದು ಅದು ಬುಲ್ಡೋಜರ್‌ಗೆ ತಡೆಯೊಡ್ಡಿತು. ಆರೋಪಿಯೆಂಬ ಕಾರಣಕ್ಕೆ ಯಾರ ಮನೆಯನ್ನೂ ಕೆಡಹುವಂತಿಲ್ಲ. 15 ದಿನಗಳ ಪೂರ್ವ ನೋಟಿಸು ಕಡ್ಡಾಯ. ನಿಯಮ ಮೀರಿದ ಅಧಿಕಾರಿ ಸ್ವಂತ ಖರ್ಚಿನಲ್ಲಿ ನಷ್ಟ ಭರಿಸಬೇಕು ಎಂದಿತು. ನಾವು ಹರ್ಷಪಟ್ಟೆವು. ಆದರೆ ರಸ್ತೆ, ಕಾಲುದಾರಿ, ಕೆರೆಗಳನ್ನು ಆಕ್ರಮಿಸಿದ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆಯಿಲ್ಲ ಎಂಬುದನ್ನು ಎಷ್ಟು ಮಂದಿ ಗಮನಿಸಿದೆವು? ಮನೆಯ ಖಾತೆ, ಪರವಾನಗಿ, ತೆರಿಗೆ ರಶೀದಿಗಳನ್ನು ಇಂದೇ ಸರಿಪಡಿಸಿಕೊಳ್ಳಿ.

ನವೆಂಬರ್ 5ರಂದು ಉತ್ತರ ಪ್ರದೇಶದ ಮದ್ರಸಾ ಕಾಯ್ದೆಯನ್ನು ಎತ್ತಿಹಿಡಿದ ಕೋರ್ಟು, ಕಾಮಿಲ್ ಮತ್ತು ಫಾಝಿಲ್ ಪದವಿಗಳ ಭಾಗವನ್ನು ಮಾತ್ರ ಅಸಿಂಧುಗೊಳಿಸಿತು. ಶಿಕ್ಷಣದ ಗುಣಮಟ್ಟವನ್ನು ಸರಕಾರ ನಿಯಂತ್ರಿಸಬಹುದೆಂದಿತು. ಮದ್ರಸಾದಲ್ಲೂ ಕಾಲೇಜಿನಲ್ಲೂ ಕಲಿತವನಾಗಿ ಹೇಳುತ್ತೇನೆ: ಗುಣಮಟ್ಟವನ್ನು ಬೇರೆಯವರು ಕೇಳುವ ಮೊದಲು ನಾವೇ ಕೇಳಬೇಕಿತ್ತು.

ಇನ್ನು ಜುಲೈ 10ರ ತೀರ್ಪು. ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನನ್ವಯ ಜೀವನಾಂಶ ಕೇಳಬಹುದೆಂದು ಅದು ಸಾರಿತು. ಶರೀಅತ್ತಿನಲ್ಲಿ ಹಸ್ತಕ್ಷೇಪವೆಂದು ನಮ್ಮಲ್ಲಿ ಹಲವರು ಆಕ್ಷೇಪಿಸಿದರು. ಆ ಚರ್ಚೆಯನ್ನು ವಿದ್ವಾಂಸರು ನಡೆಸಲಿ. ಆದರೆ ತಲಾಕಿನ ನಂತರ ಮಕ್ಕಳೊಂದಿಗೆ ತವರಿಗೆ ಮರಳಿದವಳ ಒಲೆ ಉರಿಯುತ್ತಿದೆಯೇ ಎಂದು ನಮ್ಮ ಎಷ್ಟು ಜಮಾಅತ್‌ಗಳು ವಿಚಾರಿಸಿವೆ? ನಾವು ವಿಚಾರಿಸಿದ್ದರೆ ಅವಳು ಕೋರ್ಟಿನ ಮೆಟ್ಟಿಲೇರುತ್ತಿರಲಿಲ್ಲ.

ಮನೆ ಉಳಿಸಿದ ತೀರ್ಪನ್ನು ಕೊಂಡಾಡುವವರು, ಮನೆ ಕಳಕೊಂಡವಳ ಹಕ್ಕಿನ ಬಗ್ಗೆಯೂ ಮಾತಾಡಬೇಕು. ನ್ಯಾಯ ಪಾಲಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ.