ಮೆದುಳಿನ ಚಿತ್ರ ನಮಗೆ ಹೇಳುವ ಮಾತು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



"ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಅನ್ನುವ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಗಂಡಸರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಆದರೆ ಸಂಘದ ಸಭೆಗಳಲ್ಲಿ ನಮ್ಮ ಹೆಣ್ಣುಮಕ್ಕಳೇ "ನಂಗೆ ಓದು ಬರಹ ತಲೆಗೆ ಹತ್ತಕಿಲ್ಲ ಕಣವ್ವ, ನನ್ ತಲೇಲಿ ಬರೀ ಮಣ್ಣು" ಅನ್ನುತ್ತಾರೆ. ಅದನ್ನು ಕೇಳಿದಾಗ ಬೇಸರವಾಗುತ್ತದೆ. ತಲೆಯೊಳಗೆ ಮಣ್ಣಿದೆಯೋ ಮತ್ತೇನಿದೆಯೋ ಎಂದು ಬುರುಡೆ ತೆರೆಯದೆಯೇ ನೋಡುವ ಯಂತ್ರಗಳು ಈಗ ಬಂದಿವೆ. ಅವು ಏನು ತೋರಿಸಿವೆ? ಅದರಿಂದ ನಮ್ಮ ಮಕ್ಕಳಿಗೆ, ಬಾಣಂತಿಯರಿಗೆ, ಮನೆಯ ಹಿರಿಯರಿಗೆ ಏನು ಉಪಯೋಗ? ಇದೇ ಇವತ್ತಿನ ವಿಷಯ.

ಒಳಗೆ ಇರುವುದು ಏನು?

ದೊಡ್ಡವರ ಮೆದುಳು ಸುಮಾರು 1,300 ರಿಂದ 1,400 ಗ್ರಾಂ ತೂಗುತ್ತದೆ. ಮೈ ತೂಕದಲ್ಲಿ ಅದು ನೂರಕ್ಕೆ 2 ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಬೇಕು. ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ನಮ್ಮ ಸಂಘದ ಹಾಗೇ, ಒಂದೇ ಕೋಶ ಏನೂ ಮಾಡಲಾರದು. ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡು ಎಲ್ಲ ಸೇರಿ ಕೆಲಸ ಮಾಡುತ್ತವೆ. ಕೈ ಆಡಿಸುವುದು, ಮಾತಾಡುವುದು, ಕಳೆದ ವಾರದ ಉಳಿತಾಯ ಎಷ್ಟು ಎಂದು ನೆನಪಿಡುವುದು, ಎಲ್ಲವೂ ಈ ಕೋಶಗಳ ಕೆಲಸವೇ.

ಹಿಂದೆ ಮೆದುಳನ್ನು ನೋಡಬೇಕಾದರೆ ಮನುಷ್ಯ ಸತ್ತ ಮೇಲೆ ನೋಡಬೇಕಿತ್ತು, ಇಲ್ಲವೇ ತಲೆಗೆ ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. 1895ರಲ್ಲಿ ಎಕ್ಸ್-ರೇ ಬಂತು. ಅದರಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಮೆತ್ತಗಿನ ಮೆದುಳು ಕಾಣುವುದಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಗೆ ಸಿ.ಟಿ. ಸ್ಕ್ಯಾನ್ ಮಾಡಿದರು. ಆ ರೋಗಿ ಒಬ್ಬ ಹೆಣ್ಣುಮಗಳು. ಸಿ.ಟಿ. ಯಂತ್ರವು ಎಕ್ಸ್-ರೇಯನ್ನು ಸುತ್ತಲೂ ತಿರುಗಿಸಿ, ಎಲೆಕೋಸನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ ಒಳಗಿನ ಚಿತ್ರ ಕೊಡುತ್ತದೆ. ಕೆಲವೇ ನಿಮಿಷದ ಕೆಲಸ.

ಆಮೇಲೆ ಬಂದದ್ದು ಎಂ.ಆರ್.ಐ. ಇದರಲ್ಲಿ ಎಕ್ಸ್-ರೇ ಇಲ್ಲ, ದೊಡ್ಡ ಅಯಸ್ಕಾಂತ ಇದೆ. ಅದಕ್ಕೇ ತಾಳಿ, ಓಲೆ, ಕಾಲುಂಗುರ, ಪಿನ್ನು ಎಲ್ಲ ತೆಗೆದಿಡಿ ಅನ್ನುತ್ತಾರೆ. ಹೆದರಬೇಡಿ, ಮುಗಿದ ಮೇಲೆ ಹಾಕಿಕೊಳ್ಳಬಹುದು. ಮೈಯೊಳಗೆ ಪೇಸ್‌ಮೇಕರ್, ರಾಡು, ಕಾಪರ್-ಟಿ ಇದ್ದರೆ, ಇಲ್ಲವೇ ಬಸುರಿಯಾಗಿದ್ದರೆ, ಮೊದಲೇ ಹೇಳಬೇಕು. ಒಳಗೆ ಮಲಗಿದಾಗ ದಡ ದಡ ಸದ್ದು ಬರುತ್ತದೆ, ಅರ್ಧ ಗಂಟೆ ಅಲ್ಲಾಡದೆ ಇರಬೇಕು. ನೋವು ಏನೂ ಇಲ್ಲ.

1990ರ ನಂತರ ಇದೇ ಯಂತ್ರದಿಂದ ಮೆದುಳು ಕೆಲಸ ಮಾಡುವುದನ್ನೂ ನೋಡಲು ಕಲಿತರು. ಚೆಂಡು ಹೂವಿನ ಹೊಲದಲ್ಲಿ ಯಾವ ಪಾತಿಗೆ ನೀರು ಬೇಕೋ ಆ ಕಡೆಗೆ ಕಾಲುವೆ ತಿರುಗಿಸುತ್ತೇವಲ್ಲ, ಹಾಗೆ ಮೆದುಳಿನಲ್ಲಿ ಯಾವ ಭಾಗ ದುಡಿಯುತ್ತಿದೆಯೋ ಅಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆ. ಆ ಹರಿವನ್ನು ಯಂತ್ರ ಗುರುತಿಸುತ್ತದೆ.

ಒಬ್ಬರಂತೆ ಇನ್ನೊಬ್ಬರಿಲ್ಲ

ಈ ಚಿತ್ರಗಳಿಂದ ತಿಳಿದ ಮೊದಲ ಸಂಗತಿ ಏನೆಂದರೆ, ಮುಖದಂತೆ ಮೆದುಳಿನ ಮಡಿಕೆಗಳೂ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ. ಹಾಗಾದರೆ ಹೆಣ್ಣಿನ ಮೆದುಳು ಬೇರೆ, ಗಂಡಿನ ಮೆದುಳು ಬೇರೆಯೇ? ಸರಾಸರಿ ನೋಡಿದರೆ ಗಂಡಸರ ಮೆದುಳು ನೂರಕ್ಕೆ 10 ಪಾಲಿನಷ್ಟು ದೊಡ್ಡದು. ಗಂಡಸರ ಮೈಯೇ ಸರಾಸರಿಯಲ್ಲಿ ದೊಡ್ಡದಲ್ಲವೇ? ಗಾತ್ರದಿಂದಲೇ ಬುದ್ಧಿ ಬರುವುದಾಗಿದ್ದರೆ ನಮ್ಮ ಬಂಡೀಪುರದ ಆನೆಯ ಮೆದುಳು ನಮ್ಮದಕ್ಕಿಂತ ಮೂರು ಪಟ್ಟು ದೊಡ್ಡದು, ಲೆಕ್ಕಪುಸ್ತಕವನ್ನು ಅದಕ್ಕೇ ಕೊಡಬೇಕಿತ್ತು!

2015ರಲ್ಲಿ ಇಸ್ರೇಲಿನ ವಿಜ್ಞಾನಿಗಳು 1,400ಕ್ಕೂ ಹೆಚ್ಚು ಜನರ ಎಂ.ಆರ್.ಐ. ಚಿತ್ರಗಳನ್ನು ಪರಿಶೀಲಿಸಿದರು. ಗಂಡಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳೇ ಪೂರ್ತಿ ಇರುವ ಮೆದುಳು, ಇಲ್ಲವೇ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳೇ ಪೂರ್ತಿ ಇರುವ ಮೆದುಳು, ನೂರಕ್ಕೆ ಹತ್ತೂ ಸಿಗಲಿಲ್ಲ. ಉಳಿದವರೆಲ್ಲರ ಮೆದುಳು ಕೌದಿ ಇದ್ದಂತೆ, ಎರಡು ಕಡೆಯ ತುಂಡುಗಳೂ ಸೇರಿ ಹೊಲಿದದ್ದು. ಒಂದೊಂದು ಕೌದಿಯೂ ಬೇರೆ ಬೇರೆ. ಆ ಗಾದೆಗೆ ಯಾವ ಯಂತ್ರದಲ್ಲೂ ಸಾಕ್ಷಿ ಸಿಕ್ಕಿಲ್ಲ ತಾಯಂದಿರೇ.

ಇನ್ನೊಂದು ವ್ಯತ್ಯಾಸ ನೋಡಿ. ಬಲಗೈಯಲ್ಲಿ ಕೆಲಸ ಮಾಡುವವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರಿಗೆ ಮಾತಿನ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ. ಎಡಚರಲ್ಲಿಯೂ ಹೆಚ್ಚಿನವರಿಗೆ ಹಾಗೆಯೇ. ಆದರೆ ಕೆಲವರಿಗೆ ಬಲಭಾಗದಲ್ಲಿ, ಕೆಲವರಿಗೆ ಎರಡೂ ಕಡೆ ನಡೆಯುತ್ತದೆ. ಇದು ರೋಗವಲ್ಲ, ಕೆಟ್ಟ ಅಭ್ಯಾಸವೂ ಅಲ್ಲ. ಮಗು ಎಡಗೈಯಲ್ಲಿ ಬಳಪ ಹಿಡಿದರೆ ಕೈಗೆ ಹೊಡೆಯಬೇಡಿ.

ಹಾಗೆಯೇ, ಎಲ್ಲದರಲ್ಲೂ ಚುರುಕಾಗಿರುವ ಮಗು ಓದುವುದರಲ್ಲಿ ಮಾತ್ರ ಅಕ್ಷರ ತಪ್ಪಿಸಿ ಕಷ್ಟಪಡುವುದುಂಟು. ಅಂಥ ಮಕ್ಕಳು ಓದುವಾಗ ಮೆದುಳಿನ ಕೆಲವು ಭಾಗಗಳು ಬೇರೆ ರೀತಿ ಕೆಲಸ ಮಾಡುವುದು ಚಿತ್ರಗಳಲ್ಲಿ ಕಂಡಿದೆ. ಅದು ಸೋಮಾರಿತನವಲ್ಲ. ಆ ಮಗುವಿಗೆ ಬೇರೆ ರೀತಿಯಲ್ಲಿ, ನಿಧಾನವಾಗಿ ಕಲಿಸಬೇಕು. ಮೇಷ್ಟರ ಹತ್ತಿರ, ವೈದ್ಯರ ಹತ್ತಿರ ಮಾತಾಡಿ.

ಕಲಿತರೆ ಮೆದುಳು ಬದಲಾಗುತ್ತದೆ

ಈಗ ನಮಗೆ ಬಹಳ ಹತ್ತಿರದ ಸಂಗತಿ. ಉತ್ತರ ಪ್ರದೇಶದ ಲಖನೌ ಸಮೀಪದ ಹಳ್ಳಿಗಳಲ್ಲಿ ಓದಲು ಬಾರದ ಸುಮಾರು 20 ಜನ ದೊಡ್ಡವರಿಗೆ ಆರು ತಿಂಗಳು ಹಿಂದಿ ಓದು ಬರಹ ಕಲಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ವಯಸ್ಸು ಸರಾಸರಿ ಮೂವತ್ತು ದಾಟಿತ್ತು. ಕಲಿಯುವ ಮುಂಚೆ ಒಮ್ಮೆ, ಕಲಿತ ಮೇಲೆ ಒಮ್ಮೆ ಮೆದುಳಿನ ಚಿತ್ರ ತೆಗೆದರು. 2017ರಲ್ಲಿ ಇದರ ವರದಿ ಪ್ರಕಟವಾಯಿತು. ಆರೇ ತಿಂಗಳಲ್ಲಿ ಅವರ ಮೆದುಳಿನ ಆಳದಲ್ಲಿ, ಕಣ್ಣು ಕಂಡದ್ದನ್ನು ಸಾಗಿಸುವ ಭಾಗಗಳ ಕೆಲಸ ಬದಲಾಗಿತ್ತು. ನೋಡುವ ಭಾಗದೊಂದಿಗೆ ಅವುಗಳ ಹೊಂದಾಣಿಕೆ ಹೆಚ್ಚಾಗಿತ್ತು. ಕಲಿಯದೆ ಉಳಿದ ಅದೇ ಹಳ್ಳಿಯವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ಇದರ ಅರ್ಥ ಏನು? ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಅನ್ನುವುದು ಸುಳ್ಳು. ಹೆಬ್ಬೆಟ್ಟು ಒತ್ತುವ ಕೈ ಸಹಿ ಕಲಿತಾಗ, ಪಾಸ್‌ಬುಕ್ಕಿನ ಅಂಕಿ ಓದಲು ಕಲಿತಾಗ, ಒಳಗೆ ಮೆದುಳೂ ಹೊಸ ದಾರಿ ಮಾಡಿಕೊಳ್ಳುತ್ತದೆ.

ಓದು ಒಂದೇ ಅಲ್ಲ. ಲಂಡನ್ ಪಟ್ಟಣದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಟ್ಯಾಕ್ಸಿ ಓಡಿಸುವವರಲ್ಲಿ, ದಾರಿ ನೆನಪಿಡುವ ಮೆದುಳಿನ ಜಾಗದ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು ಎಂದು 2000ದಲ್ಲಿ ಕಂಡುಕೊಂಡರು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಅಕ್ಕಂದಿರು ಕಾಡಿನ ಪ್ರತಿಯೊಂದು ದಾರಿ, ಮರ, ಗೆಡ್ಡೆ ಗೆಣಸು ನೆನಪಿಟ್ಟುಕೊಂಡಿರುತ್ತಾರೆ. ಅವರ ಮೆದುಳಿನ ಚಿತ್ರ ತೆಗೆಯದಿದ್ದರೂ ಅದು ದೊಡ್ಡ ವಿದ್ಯೆ ಎಂದು ನಾವು ತಿಳಿಯಬೇಕು.

ನಮ್ಮ ಅಳತೆ ನಮಗೆ ಬೇಕು

ಹೊಲಿಗೆ ಕಲಿತವರಿಗೆ ಗೊತ್ತು. ಬೇರೆಯವರ ಅಳತೆ ಬ್ಲೌಸ್ ಇಟ್ಟುಕೊಂಡು ಕತ್ತರಿಸಿದರೆ ನಮಗೆ ಸರಿಯಾಗುವುದಿಲ್ಲ. ಬಹಳ ವರ್ಷ ನಮ್ಮ ದೇಶದವರ ಮೆದುಳಿನ ಚಿತ್ರವನ್ನು ಪಶ್ಚಿಮ ದೇಶದವರ ಅಳತೆಗೆ ಹೋಲಿಸಿ ನೋಡುತ್ತಿದ್ದರು. ನಮ್ಮವರ ಮೆದುಳಿನ ಗಾತ್ರ, ಆಕಾರ ಸರಾಸರಿಯಲ್ಲಿ ಸ್ವಲ್ಪ ಬೇರೆ. ಅದು ಬುದ್ಧಿಯ ಹೆಚ್ಚುಕಡಿಮೆ ಅಲ್ಲ, ಅಳತೆಯ ಮಾತು ಅಷ್ಟೆ. ಆದರೆ ಅಳತೆ ತಪ್ಪಿದರೆ ಸಣ್ಣ ತೊಂದರೆ ಗುರುತಿಸುವುದೂ ತಪ್ಪಬಹುದು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 6 ವರ್ಷದಿಂದ 60 ವರ್ಷದವರೆಗಿನ ಭಾರತೀಯರಿಗಾಗಿ, ವಯಸ್ಸಿಗೆ ತಕ್ಕಂತೆ ಐದು ಅಳತೆ ಚಿತ್ರಗಳನ್ನು ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದರು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ ರೈತರನ್ನು, ಕೂಲಿಕಾರರನ್ನು, ಮನೆ ಹೆಂಗಸರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾರೆ. 10,000 ಜನರನ್ನು ಸೇರಿಸಬೇಕೆಂಬುದು ಅವರ ಗುರಿ. ರಕ್ತ, ನೆನಪಿನ ಶಕ್ತಿ, ಮೆದುಳಿನ ಚಿತ್ರ ಎಲ್ಲ ನೋಡುತ್ತಾರೆ. ವಯಸ್ಸಾದವರಲ್ಲಿ ಕೆಲವರಿಗೆ ಮಾತ್ರ ಮರೆವಿನ ಕಾಯಿಲೆ ಏಕೆ ಬರುತ್ತದೆ ಎಂದು ತಿಳಿಯುವುದು ಉದ್ದೇಶ. ನಾವು ಅರಳು ಮರಳು ಎಂದು ಬಿಟ್ಟುಬಿಡುವುದು ಎಷ್ಟೋ ಸಲ ಕಾಯಿಲೆಯಾಗಿರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುವುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಆದ್ದರಿಂದ ಬಿ.ಪಿ. ಮಾತ್ರೆಯನ್ನು "ಈಗ ಹುಷಾರಾಗಿದ್ದೀನಿ" ಅಂತ ಅರ್ಧಕ್ಕೆ ನಿಲ್ಲಿಸಬೇಡಿ.

ಬಾಣಂತಿ ಸನ್ನಿ ಮತ್ತು ಲಕ್ವ

ಹೆರಿಗೆಯಾದ ಕೆಲವು ದಿನಕ್ಕೆ ಬಾಣಂತಿಗೆ ವಿಪರೀತ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಇವು ಬಂದರೆ ಹಿಂದಿನವರು ಸನ್ನಿ ಅಂದರು, ಗಾಳಿ ಸೋಕಿದೆ ಅಂದರು. ಇಂಥ ಎಷ್ಟೋ ಹೆಣ್ಣುಮಕ್ಕಳ ಮೆದುಳಿನಲ್ಲಿ, ಕೆಟ್ಟ ರಕ್ತ ವಾಪಸು ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಸ್ಕ್ಯಾನಿನಲ್ಲಿ ಕಾಣಿಸಿತು. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವ ಇರುತ್ತದೆ. ಬಾಣಂತಿಗೆ ನೀರು ಕೊಡಬಾರದು ಎಂದು ಪಥ್ಯ ಹಿಡಿದರೆ, ಜೊತೆಗೆ ರಕ್ತಹೀನತೆಯೋ ನಂಜೋ ಇದ್ದರೆ, ಅಪಾಯ ಇನ್ನೂ ಹೆಚ್ಚು. ಕಾಲಕ್ಕೆ ಸರಿಯಾಗಿ ಗುರುತಿಸಿ ಹೆಪ್ಪು ತಡೆಯುವ ಔಷಧಿ ಕೊಟ್ಟರೆ ಹೆಚ್ಚಿನವರು ಗುಣವಾಗಿ ಮಗು ಎತ್ತಿಕೊಳ್ಳುತ್ತಾರೆ. ಆದ್ದರಿಂದ ಅತ್ತೆಯಂದಿರಲ್ಲಿ ನನ್ನ ಬೇಡಿಕೆ: ಬಾಣಂತಿಗೆ ಬಾಯಾರಿದಾಗಲೆಲ್ಲ ನೀರು ಕೊಡಿ. ಹರಕೆ ಹೊತ್ತುಕೊಳ್ಳುವುದನ್ನು ಯಾರೂ ಬೇಡ ಅನ್ನುವುದಿಲ್ಲ, ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕುಳಿತು ಹೊತ್ತುಕೊಳ್ಳಿ.

ಲಕ್ವ ಹೊಡೆದಾಗಲೂ ಇದೇ ಮಾತು. ಬಾಯಿ ಸೊಟ್ಟಗಾಯಿತೇ, ಒಂದು ಕೈ ಎತ್ತಲು ಆಗುವುದಿಲ್ಲವೇ, ಮಾತು ತೊದಲುತ್ತಿದೆಯೇ, ತಕ್ಷಣ 108ಕ್ಕೆ ಫೋನು ಮಾಡಿ. ರಕ್ತ ಹೆಪ್ಪುಗಟ್ಟಿದ್ದರೆ ಒಂದು ಚಿಕಿತ್ಸೆ, ನಾಳ ಒಡೆದು ರಕ್ತ ಸುರಿದಿದ್ದರೆ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸ್ಕ್ಯಾನ್ ಮಾತ್ರ ಬೇರ್ಪಡಿಸಿ ಹೇಳಬಲ್ಲದು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಎರಡೂ ಊರುಗಳಿಂದ ಮೈಸೂರಿಗೆ ಹೆಚ್ಚುಕಡಿಮೆ 60 ಕಿಲೋಮೀಟರು. ನಾಟಿ ಔಷಧಿಗೆಂದು ಅಲೆದಾಡಿದರೆ ಆ ಹೊತ್ತು ಕಳೆದೇ ಹೋಗುತ್ತದೆ.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಏನೂ ಆಗದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಸಾಗಿಸಿ. ಕೆಲವರ ಮೆದುಳಿನಲ್ಲಿ ಲಾಡಿಹುಳುವಿನ ಮರಿಯ ಸಣ್ಣ ಗುಳ್ಳೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಕೊಳಕು ಕೈ, ತೊಳೆಯದ ಸೊಪ್ಪು ತರಕಾರಿ, ಬಯಲು ಶೌಚದಿಂದ ಅದರ ಮೊಟ್ಟೆ ಹೊಟ್ಟೆ ಸೇರುತ್ತದೆ. ದೆವ್ವ ಅಂದುಕೊಂಡದ್ದು ಹುಳುವಾಗಿರುತ್ತದೆ!

ಯಂತ್ರಕ್ಕೆ ಕಾಣದ್ದು

ಒಂದು ಎಚ್ಚರಿಕೆ. ಸ್ಕ್ಯಾನ್ ಎಲ್ಲವನ್ನೂ ಹೇಳುವುದಿಲ್ಲ. ಯಾರು ಒಳ್ಳೆಯವರು, ಯಾರು ಜಾಣರು, ಯಾವ ಜಾತಿ ಎಂದು ಯಾವ ಚಿತ್ರವೂ ತೋರಿಸದು. ಖಿನ್ನತೆಯಂಥ ಮನಸ್ಸಿನ ಕಾಯಿಲೆಯನ್ನು ಸ್ಕ್ಯಾನ್ ನೋಡಿ ಪತ್ತೆ ಮಾಡುವುದಿಲ್ಲ, ಮಾತಾಡಿಸಿ ಪತ್ತೆ ಮಾಡುತ್ತಾರೆ. ಸ್ಕ್ಯಾನ್ ಸರಿಯಾಗಿದೆ ಎಂದಮಾತ್ರಕ್ಕೆ "ಇವಳದ್ದು ನಾಟಕ" ಅನ್ನಬೇಡಿ. ಫಿಟ್ಸ್ ಇರುವ ಎಷ್ಟೋ ಜನರ ಸ್ಕ್ಯಾನೂ ಸರಿಯಾಗಿಯೇ ಇರುತ್ತದೆ. ಮನಸ್ಸಿಗೆ ಕಷ್ಟವಾದರೆ 14416ಕ್ಕೆ ಫೋನು ಮಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಾಗೆಯೇ, ಸಾಮಾನ್ಯ ತಲೆನೋವಿಗೆಲ್ಲ ಸಾಲ ಮಾಡಿ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. "ಇದು ಯಾಕೆ ಬೇಕು ಡಾಕ್ಟ್ರೇ? ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತಾ? ನಮ್ಮ ಕಾರ್ಡಿಗೆ ಸಿಗುತ್ತಾ?" ಎಂದು ಕೇಳುವುದು ನಿಮ್ಮ ಹಕ್ಕು.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ನಾಲ್ಕು ಕೆಲಸ ಮಾಡಲಿ ಎಂದು ಕೋರುತ್ತೇನೆ. ಒಂದು, ತಲೆಗೆ ಸ್ಕ್ಯಾನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿಯೂ ಮಾಡುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಎರಡು, ತುರ್ತು ಗಾಡಿ ಬಾಡಿಗೆಗೆ ಸಂಘದ ಹಣ ಆ ರಾತ್ರಿಯೇ ಸಿಗುವಂತೆ ಠರಾವು ಮಾಡಿಕೊಳ್ಳಿ. ಮೂರು, ಊರಿನ ಬಾಣಂತಿಯರ ಮನೆಗೆ ಹೋಗಿ ನೀರಿನ ವಿಷಯ ಹೇಳಿ. ನಾಲ್ಕು, ಹೆಬ್ಬೆಟ್ಟು ಒತ್ತುವ ಒಬ್ಬ ಸದಸ್ಯೆಗೆ ಇನ್ನೊಬ್ಬರು ವಾರಕ್ಕೆ ನಾಲ್ಕು ಅಕ್ಷರ ಕಲಿಸಲು ಶುರುಮಾಡಿ. ಆರು ತಿಂಗಳಿಗೆ ಅವರ ಕೈಯಲ್ಲೇ ನಡಾವಳಿಯ ಒಂದು ಸಾಲು ಬರೆಸಿ.

 ಪ್ರಶ್ನೆ ಇದ್ದರೆ ಸಂಕೋಚವಿಲ್ಲದೆ ಕೇಳಿ.