ಬಹುಮಾನದ ಕಾರ್ಡು ಮತ್ತು ಬಡ್ಡಿಯ ಲೆಕ್ಕ

(ಚಿಕ್ಕನಾಯಕನಹಳ್ಳಿ ತಾಲೂಕಿನ ಶೆಟ್ಟಿಕೆರೆಯಲ್ಲಿ ಸುತ್ತಲ ಊರುಗಳ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಡ್ಡಿ ಹರಾಮ್ ಎಂಬುದನ್ನು ಈ ಸಭೆಯಲ್ಲಿರುವ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ವಿದಾಯ ಹಜ್ಜ್‌ನ ಭಾಷಣದಲ್ಲಿ ಅಜ್ಞಾನ ಕಾಲದ ಬಡ್ಡಿಯನ್ನೆಲ್ಲ ರದ್ದುಪಡಿಸಿದರು. ಆಗ ಅವರು ಮೊತ್ತಮೊದಲು ರದ್ದುಪಡಿಸಿದ್ದು ತಮ್ಮ ಸ್ವಂತ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಾಗಿದ್ದ ಬಡ್ಡಿಯನ್ನು. ಸುಧಾರಣೆಯು ತನ್ನ ಮನೆಯಿಂದಲೇ ಆರಂಭವಾಗಬೇಕೆಂಬ ಪಾಠ ಅದರಲ್ಲಿದೆ. ಆದ್ದರಿಂದ ಇಂದು ನಾನು ಅನ್ಯರ ಬಡ್ಡಿಯ ಕುರಿತು ಮಾತಾಡುವುದಿಲ್ಲ. ನಮ್ಮ ಮನೆಗಳೊಳಕ್ಕೆ ಬಂದಿರುವ ಬಡ್ಡಿಯ ಕುರಿತು ಮಾತಾಡುತ್ತೇನೆ.

ಈ ಬಡ್ಡಿಯು ಬಡ್ಡಿಯೆಂಬ ಹೆಸರಿನಲ್ಲಿ ಬರುವುದಿಲ್ಲ. 'ಅಭಿನಂದನೆಗಳು, ನಿಮ್ಮ ರಿವಾರ್ಡ್ ಕಾರ್ಡ್ ಮಂಜೂರಾಗಿದೆ' ಎಂಬ ಸಂದೇಶವಾಗಿ ಮೊಬೈಲಿಗೆ ಬರುತ್ತದೆ. ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟಿಗೆ ಬಹುಮಾನ, ಮೊದಲ ವರ್ಷ ಶುಲ್ಕವಿಲ್ಲ. ಇಲ್ಲಿಂದ ಬೆಂಗಳೂರಿಗೆ ಉದ್ಯೋಗಕ್ಕೆ ಹೋದ ನಮ್ಮ ಯುವಕರು, ತಿಪಟೂರಿನಲ್ಲಿ ಅಂಗಡಿ ಇಟ್ಟುಕೊಂಡ ನಮ್ಮ ಸಹೋದರರು ಅದನ್ನು ಒಂದು ಗೌರವವೆಂದು ಭಾವಿಸಿ ಸ್ವೀಕರಿಸುತ್ತಾರೆ. ಸಾಹುಕಾರನ ಮನೆಯ ಮೆಟ್ಟಿಲು ಹತ್ತಲು ನಾಚುವವರು ಈ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳಲು ನಾಚುವುದಿಲ್ಲ. ದೇಶದಲ್ಲಿ ಚಾಲ್ತಿಯಲ್ಲಿರುವ ಇಂತಹ ಕಾರ್ಡುಗಳ ಸಂಖ್ಯೆ 2024ರಲ್ಲೇ 10 ಕೋಟಿಯನ್ನು ದಾಟಿತು.

ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ದೇಶದ ಬಹುತೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರ ಆಸುಪಾಸಿನಲ್ಲಿದೆ. ಶೇ. 3.5 ಎಂದರೆ ಕಿವಿಗೆ ಅಲ್ಪವೆನಿಸುತ್ತದೆ. ವರ್ಷಕ್ಕೆ ಅದು ಶೇ. 42 ಆಗುತ್ತದೆ. ಒಬ್ಬ ತರುಣನು 40,000 ರೂಪಾಯಿಯ ಫೋನನ್ನು ಕಾರ್ಡಿನಲ್ಲಿ ಕೊಂಡನೆನ್ನೋಣ. ನೂರು ರೂಪಾಯಿಗೆ ಒಂದು ರೂಪಾಯಿಯೆಂದು ಉದಾರವಾಗಿ ಲೆಕ್ಕ ಹಾಕಿದರೂ ಅವನಿಗೆ ದೊರೆಯುವ ಬಹುಮಾನ 400 ರೂಪಾಯಿ. ಗಡುವಿನೊಳಗೆ ಹಣ ಕಟ್ಟಲಾಗದಿದ್ದರೆ ಒಂದು ತಿಂಗಳ ಬಡ್ಡಿ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 252 ರೂಪಾಯಿ. ಒಟ್ಟು 1,652 ರೂಪಾಯಿ. ತಡವಾದ ಪಾವತಿಯ ದಂಡ ಇದರಲ್ಲಿ ಸೇರಿಲ್ಲ.

ಇನ್ನು 'ಕನಿಷ್ಠ ಪಾವತಿ' ಎಂಬುದೊಂದಿದೆ. ಬಿಲ್ಲಿನಲ್ಲಿ ಅದನ್ನು ಕಂಡವನು ತನ್ನ ಹೊಣೆ ಅಷ್ಟಕ್ಕೇ ಮುಗಿಯಿತೆಂದು ತಿಳಿಯುತ್ತಾನೆ. ಅದು ಶೇ. 5 ಎಂದಿಟ್ಟುಕೊಳ್ಳೋಣ. 41,652 ರೂಪಾಯಿ ಬಾಕಿಗೆ ಆತ 2,083 ರೂಪಾಯಿ ಕಟ್ಟುತ್ತಾನೆ. ಅದರಲ್ಲಿ 1,652 ರೂಪಾಯಿ ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿಗೆ ಸೇರುವುದು ಕೇವಲ 431 ರೂಪಾಯಿ. ಹೀಗೆ ಕಟ್ಟುತ್ತಾ ಹೋದರೆ ಫೋನು ಕೆಟ್ಟು ಮೂಲೆ ಸೇರಿದ ಮೇಲೂ ಅದರ ಸಾಲ ಉಳಿದಿರುತ್ತದೆ. ಹಿಂದಿನ ಬಾಕಿ ಉಳಿಸಿಕೊಂಡವನಿಗೆ ಬಡ್ಡಿರಹಿತ ದಿನಗಳ ಸೌಲಭ್ಯವೂ ಇಲ್ಲವಾಗುತ್ತದೆ. ಅನಂತರ ಕೊಂಡ ಒಂದು ಕಿಲೋ ಸಕ್ಕರೆಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಮೊದಲ ದಿನದಿಂದ ಬಡ್ಡಿ, ಜೊತೆಗೆ ಶುಲ್ಕ.

ಹಾಗಾದರೆ ಬಹುಮಾನದ ಹಣ ಎಲ್ಲಿಂದ ಬರುತ್ತದೆ? ಅಂಗಡಿಯವನು ತೆರುವ ಶುಲ್ಕದಿಂದ ಒಂದಿಷ್ಟು, ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿಯಿಂದ ಒಂದಿಷ್ಟು. 'ನಾನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ, ನನಗೆ ಲಾಭವೇ' ಎನ್ನುವ ಸಹೋದರನು, ಕಟ್ಟಲಾಗದೆ ಒದ್ದಾಡುವ ಇನ್ನೊಬ್ಬನ ಬೆವರು ತನ್ನ ಪಾಯಿಂಟಿನಲ್ಲಿ ಸೇರಿದೆಯೇ ಎಂದು ಒಮ್ಮೆ ಯೋಚಿಸಬೇಕು.

ನಮ್ಮ ಈ ಸೀಮೆಗೆ ಈ ಕಾರ್ಡು ವಿಶೇಷವಾಗಿ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಕಾರಣ ನಮ್ಮ ಆದಾಯದ ಸ್ವಭಾವ. ತಿಂಗಳ ಸಂಬಳದವನನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಡಿನ ಬಿಲ್ಲನ್ನು ರೂಪಿಸಲಾಗಿದೆ. ನಮ್ಮಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಕಾಯಬೇಕು. ಕಾಯಿ ಸುಲಿಯುವವನಿಗೆ, ಲಾರಿಗೆ ತುಂಬುವವನಿಗೆ, ಸಣ್ಣ ಕೊಬ್ಬರಿ ವ್ಯಾಪಾರಿಗೆ ಕೈಗೆ ಹಣ ಬರುವುದು ಮಾಲು ಬಂದಾಗ, ದರ ಕುದುರಿದಾಗ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರವು ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ; ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ ದರ ಅದರ ಎರಡು ಪಟ್ಟನ್ನು ಮೀರಿತು. ಇಷ್ಟು ಏರಿಳಿತದ ನಡುವೆ ಬದುಕುವವನ ಮುಂದೆ ಕಾರ್ಡಿನ ಗಡುವು ಮಾತ್ರ ಅಲುಗಾಡದೆ ನಿಲ್ಲುತ್ತದೆ. ಅದು ಕೊಬ್ಬರಿ ಒಣಗುವವರೆಗೆ ಕಾಯುವುದಿಲ್ಲ.

ಪವಿತ್ರ ಕುರ್‌ಆನ್‌ನ ನಿಲುವು ಇದಕ್ಕೆ ತೀರಾ ವಿರುದ್ಧವಾದುದು. ಸಾಲಗಾರನು ಸಂಕಷ್ಟದಲ್ಲಿದ್ದರೆ ಅವನ ಸ್ಥಿತಿ ಸುಧಾರಿಸುವ ತನಕ ಕಾಲಾವಕಾಶ ನೀಡಬೇಕು, ಬಿಟ್ಟುಬಿಡುವುದಾದರೆ ಅದು ಇನ್ನೂ ಉತ್ತಮ ಎಂದು ಅಲ್‌ಬಕರಃ ಅಧ್ಯಾಯದ 280ನೇ ಸೂಕ್ತವು ಕಲಿಸುತ್ತದೆ. ಕಾರ್ಡಿನ ವ್ಯವಸ್ಥೆಯಲ್ಲಿ ಆ ಕಾಲಾವಕಾಶವೇ ಮಾರಾಟದ ಸರಕು. ಸಂಕಷ್ಟ ಹೆಚ್ಚಿದಷ್ಟೂ ಅದರ ಬೆಲೆ ಹೆಚ್ಚು.

ಸರಕಾರ ಮತ್ತು ಕಾನೂನು ಏನು ಮಾಡುತ್ತಿವೆ ಎಂದು ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ ಲೇವಾದೇವಿದಾರನು ಅಡಮಾನವಿರುವ ಸಾಲಕ್ಕೆ ವರ್ಷಕ್ಕೆ ಶೇ. 14, ಅಡಮಾನವಿಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಬ್ಯಾಂಕುಗಳಿಗೆ ಈ ಮಿತಿಯಿಲ್ಲ. ಬಾಕಿದಾರರಿಂದ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈ 7ರಂದು ತೀರ್ಪಿತ್ತಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. ಹಳ್ಳಿಯ ಸಾಹುಕಾರನು ಶೇ. 20 ಪಡೆದರೆ ಅಪರಾಧಿ, ಹವಾನಿಯಂತ್ರಿತ ಕಚೇರಿಯವರು ಶೇ. 42 ಪಡೆದರೆ ಅದು ಆರ್ಥಿಕ ಸೇವೆ! ಈ ತಾರತಮ್ಯವನ್ನು ಧರ್ಮಭೇದವಿಲ್ಲದೆ ಎಲ್ಲರೂ ಪ್ರಶ್ನಿಸಬೇಕಾಗಿದೆ. ಇದರ ಹೊರೆ ಹೊತ್ತವರಲ್ಲಿ ನಮ್ಮ ನೆರೆಯ ರೈತನೂ ಇದ್ದಾನೆ.

ಆದರೂ ಕೆಲವು ರಕ್ಷಣೆಗಳಿವೆ, ಅವನ್ನು ತಿಳಿದಿರಬೇಕು. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಕೇಳದವರಿಗೆ ಕಾರ್ಡು ಕಳುಹಿಸುವಂತಿಲ್ಲ. ಬಡ್ಡಿದರ ಮತ್ತು ಶುಲ್ಕಗಳನ್ನು ಒಂದು ಪುಟದಲ್ಲಿ ಅರ್ಜಿಯ ಜೊತೆಗೇ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯನ್ನು ಗ್ರಾಹಕನಿಗೆ ಕೊಡಬೇಕು. ವಸೂಲಿಯವರು ಬೆದರಿಸುವಂತಿಲ್ಲ, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬ್ಯಾಂಕು ದೂರನ್ನು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

'ಗಡುವಿನೊಳಗೆ ಪೂರ್ತಿ ಕಟ್ಟಿದರೆ ಜಾಯಿಝ್ ಅಲ್ಲವೇ?' ಎಂದು ಯುವಕರು ಕೇಳುತ್ತಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ದ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿ ಈ ವಿಷಯವನ್ನು ಚರ್ಚಿಸಿತು. ಬಡ್ಡಿಯ ಷರತ್ತಿರುವ ಕಾರ್ಡನ್ನು, ಗಡುವಿನೊಳಗೆ ಕಟ್ಟುವ ಸಂಕಲ್ಪವಿದ್ದರೂ, ಬಳಸಕೂಡದೆಂದು ಅದು ನಿರ್ಣಯಿಸಿತು. ಅನಿವಾರ್ಯತೆಯಿದ್ದಾಗ ಬಡ್ಡಿ ಬೀಳದಂತೆ ಬಳಸಲು ಅವಕಾಶ ನೀಡಿದ ವಿದ್ವಾಂಸರೂ ಇದ್ದಾರೆ. ಫತ್ವಾ ನೀಡುವ ಅರ್ಹತೆ ನನಗಿಲ್ಲ. ವೇದಿಕೆಯಲ್ಲಿರುವ ಉಲಮಾಗಳನ್ನೇ ಕೇಳಿರಿ. ಆದರೆ ಬಹುಮಾನದ ಪಾಯಿಂಟು ಅನಿವಾರ್ಯತೆಯ ಪಟ್ಟಿಯಲ್ಲಿ ಸೇರುವುದಿಲ್ಲವೆಂದು ತಿಳಿಯಲು ಫತ್ವಾ ಬೇಕಾಗಿಲ್ಲ.

ಕೊನೆಯದಾಗಿ ಜಮಾಅತ್‌ನ ಹಿರಿಯರಲ್ಲಿ ಒಂದು ಮಾತು. ಬಡ್ಡಿ ಹರಾಮೆಂದು ಮಿಂಬರ್‌ನಿಂದ ಹೇಳಿ ಕೈತೊಳೆದುಕೊಂಡರೆ ನಮ್ಮ ಹೊಣೆ ತೀರುವುದಿಲ್ಲ. ಮಗಳ ಹೆರಿಗೆಗೆ ರಾತ್ರಿ ಇಪ್ಪತ್ತು ಸಾವಿರ ಬೇಕಾದವನು ಯಾರ ಬಾಗಿಲು ತಟ್ಟಬೇಕು? ಪ್ರತಿ ಜಮಾಅತ್ ಒಂದು ಕರ್ಝೆ ಹಸನ್ ನಿಧಿಯನ್ನು ಸ್ಥಾಪಿಸಲಿ. ಝಕಾತ್‌ನ ಹಕ್ಕುದಾರರಲ್ಲಿ ಸಾಲದ ಹೊರೆಯಲ್ಲಿ ಸಿಲುಕಿದವರೂ ಸೇರಿದ್ದಾರೆಂದು ಅತ್ತೌಬಃ ಅಧ್ಯಾಯದ 60ನೇ ಸೂಕ್ತ ತಿಳಿಸುತ್ತದೆ. ಅವರ ಪಾಲನ್ನು ಅವರಿಗೆ ತಲುಪಿಸೋಣ. ಕೊಟ್ಟ ಸಾಲವನ್ನು ಸಾಕ್ಷಿಗಳೊಡನೆ ಬರೆದಿಡಲಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದಿಡಲಿ. ಇದಕ್ಕೆ ಕಾರಣವಿದೆ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಬಡ್ಡಿಗೆ ಅಂಜಿ 'ಹಲಾಲ್ ಲಾಭ' ಎಂಬ ಮಾತನ್ನು ನಂಬಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ನಮ್ಮ ನಿಧಿಯು ಯಾರಿಗೂ ಲಾಭದ ಭರವಸೆ ಕೊಡಕೂಡದು. ಕೊಟ್ಟಷ್ಟೇ ಹಿಂದಕ್ಕೆ, ಅದೂ ಕೊಬ್ಬರಿ ಮಾರಿದ ಮೇಲೆ.

ಯುವಕರೇ, ಈಗಾಗಲೇ ಕಾರ್ಡಿನ ಸಾಲದಲ್ಲಿರುವವರು ಅದನ್ನು ತಂದೆ ತಾಯಿಯಿಂದ, ಮಡದಿಯಿಂದ ಮುಚ್ಚಿಡಬೇಡಿ. ಇಂದು ರಾತ್ರಿಯೇ ಬಿಲ್ಲನ್ನು ಮನೆಯವರ ಮುಂದಿಡಿರಿ. ಹೊಸ ಖರೀದಿ ನಿಲ್ಲಿಸಿ, ಅಸಲು ತೀರಿಸಿ, ಕಾರ್ಡನ್ನು ಮುಚ್ಚಿಸಿರಿ. ಮನೆಯವರೇ, ಬೈಯದೆ ಕೇಳಿರಿ. ಅಗತ್ಯ ಬಿದ್ದರೆ ಒಂದು ಬಳೆ ಮಾರಿಯಾದರೂ ಅವನನ್ನು ಬಿಡಿಸಿರಿ. ಸಾಲ ತೀರಿಸದೆ ತೀರಿಕೊಂಡವನ ಜನಾಝಃ ನಮಾಝ್‌ಗೆ ಪ್ರವಾದಿ(ಸ)ರು ನಿಲ್ಲಲು ಹಿಂಜರಿದಾಗ, ಆ ಸಾಲದ ಹೊಣೆ ನನ್ನದೆಂದು ಮುಂದೆ ಬಂದವರು ಅಬೂ ಕತಾದಃ(ರ). ಅಂತಹ ಒಬ್ಬರು ಪ್ರತಿ ಮೊಹಲ್ಲಾದಲ್ಲೂ ಇರುವಂತಾಗಲಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಸಾಲದ ಹೊರೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.